ವಲಸೆಯ ಹಕ್ಕಿಗಳೂ ಉದ್ಯಮದ ಕೊಳೆನೀರೂ

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಇಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಪ್ರಾಚೀನ ಬರಹವೊಂದನ್ನು ಕಂಡನು. ಆವರೆಗೆ ದೊರೆತಿದ್ದ ಶಾಸನಗಳಲ್ಲಿ ಬಿರುದಿನಿಂದಷ್ಟೇ ಕಾಣಿಸಿಕೊಂಡಿದ್ದ ಚಕ್ರವರ್ತಿಯ 'ಅಶೋಕ' ಎಂಬ ಹೆಸರು ಈ ಬಂಡೆಯ ಮೇಲೆ ಸ್ಪಷ್ಟವಾಗಿ ದೊರೆಯಿತು. ಅದೇ ಅಶೋಕನು ಉತ್ತರ ಭಾರತದಲ್ಲಿ ನಿಲ್ಲಿಸಿದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದನ್ನು ಕೊಟ್ಟಿರುವನು. ಆ ಪಟ್ಟಿಯಲ್ಲಿ ಹಂಸವೂ ಚಕ್ರವಾಕವೂ ಸೇರಿವೆ. ಹಂಸವೆಂದರೆ ಹೆಬ್ಬಾತೇ ಎಂಬುದು ಅನೇಕ ವಿದ್ವಾಂಸರ ಮತ. ಹಿಮಾಲಯದಾಚೆಯಿಂದ ಬರುವ ಆ ಹಕ್ಕಿಗಳು ಈಗಲೂ ಪ್ರತಿ ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆರೆಗಳಿಗೂ ಹೊಳೆಗಳಿಗೂ ಬಂದಿಳಿಯುತ್ತವೆ.

ಬೇಟೆಗಾರನ ಕೈಯನ್ನು ರಾಜಾಜ್ಞೆಯು ತಡೆಯಬಲ್ಲದು. ಆದರೆ ಇಂದು ನೀರುಹಕ್ಕಿಗಳಿಗೆ ಬಂದೊದಗಿರುವ ಅಪಾಯಗಳಲ್ಲಿ ಮುಖ್ಯವಾದುದೊಂದು ಕಣ್ಣಿಗೆ ಬೀಳುವಂಥದಲ್ಲ. ಅದು ನೀರಿನಲ್ಲಿ ಕರಗಿ ಬರುವುದು, ಕೆಸರಿನಲ್ಲಿ ಅಡಗಿ ಕೂರುವುದು, ಮೀನಿನ ಮೈಯಲ್ಲಿ ಸೇರಿ ಸಾಗುವುದು. ಉದ್ಯಮಗಳಿಂದ ಹೊರಬೀಳುವ ಈ ಮಾಲಿನ್ಯವು ವಲಸೆಯ ಹಕ್ಕಿಗಳನ್ನು ಯಾವ ಯಾವ ದಾರಿಗಳಲ್ಲಿ ತಲುಪುವುದೆಂಬುದನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯನ್ನು ಮುಂದಿರಿಸಿಕೊಂಡು ಈ ಲೇಖನದಲ್ಲಿ ಪರಿಶೀಲಿಸೋಣ.

ಎರಡು ಹೊಳೆಗಳ ನಡುವಣ ನಾಡು

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಇವುಗಳ ನಡುವಣ ಭೂಭಾಗವನ್ನು ನಮ್ಮ ಹಳೆಯ ಶಾಸನಗಳು 'ಎಡೆದೊರೆ' ಎಂದು ಕರೆದಿವೆ. ತೊರೆಗಳ ಎಡೆಯಲ್ಲಿರುವ ನಾಡು ಎಂಬುದೇ ಅದರ ಅರ್ಥ. ಮಳೆ ಕಡಿಮೆ, ಬೇಸಿಗೆ ಕಠಿಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕೆಲಸವನ್ನಾರಂಭಿಸಿ ಎಡದಂಡೆ ಕಾಲುವೆಯ ನೀರು ಹರಿದುಬಂದ ಮೇಲೆ ಸಿಂಧನೂರಿನ ಸುತ್ತಣ ಎರೆಭೂಮಿಯ ರೂಪವೇ ಬದಲಾಯಿತು. ಜೋಳ ಹತ್ತಿಗಳಿದ್ದ ಕಡೆ ಭತ್ತ ಬಂದಿತು. ಈ ಭಾಗದ ರೈತರು ಅದನ್ನು ನೆಲ್ಲು ಎನ್ನುವರು. ನೀರು ನಿಂತ ನೆಲ್ಲಿನ ಗದ್ದೆ, ಕಾಲುವೆಯ ಬಸಿನೀರು, ಕೆರೆ, ಹಳ್ಳ ಇವೆಲ್ಲವೂ ನೀರುಹಕ್ಕಿಗಳಿಗೆ ಹೊಸ ಮೇವಿನ ನೆಲೆಗಳಾದವು.

ಸಿಂಧನೂರಿನಿಂದ ಹೊಳೆಯ ಮೇಲ್ಭಾಗಕ್ಕೆ ಹೋದರೆ ಅಣೆಕಟ್ಟಿನ ಕೆಳಗೆ ಒಂದು ವನ್ಯಜೀವಿಧಾಮವಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಉದ್ದದ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರವು ಘೋಷಿಸಿತು. ಬಂಡೆಗಳ ನಡುವೆ ಕವಲೊಡೆದು ಹರಿಯುವ ಈ ಹೊಳೆಯಲ್ಲಿ ನೀರುನಾಯಿಗಳಲ್ಲದೆ ಮೊಸಳೆ, ಆಮೆ, ಹಲವು ಜಾತಿಯ ಮೀನುಗಳು, ನೀರುಕಾಗೆ, ಬಕ, ಕೊಕ್ಕರೆಗಳು ಆಶ್ರಯ ಪಡೆದಿವೆ. ಅಣೆಕಟ್ಟಿನ ಆಚೆಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯುಂಟು. ಸುಮಾರು 99 ಹೆಕ್ಟೇರಿನ ಈ ಕೆರೆಯು ಸಾವಿರಾರು ನೀರುಹಕ್ಕಿಗಳ ಬೀಡು. ಪಶ್ಚಿಮದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯು ಪಟ್ಟೆತಲೆ ಹೆಬ್ಬಾತುಗಳ ಚಳಿಗಾಲದ ದೊಡ್ಡ ತಂಗುದಾಣ. ಈ ಎರಡು ಕೆರೆಗಳೂ 2024ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿದವು. ಜೌಗು ಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವದು. ಭಾರತವು 1982ರಲ್ಲಿ ಅದಕ್ಕೆ ಸೇರಿತು.

ಹಕ್ಕಿಗೆ ತಾಲ್ಲೂಕಿನ ಎಲ್ಲೆಯಿಲ್ಲ. ಹೆಬ್ಬಾತು ಹಗಲಲ್ಲಿ ಕೆರೆಯ ನಡುವೆ ವಿಶ್ರಮಿಸಿ, ಕತ್ತಲಾದ ಮೇಲೆ ಹೊಲಗಳಿಗೆ ಹಾರಿ ಕಾಳು ಚಿಗುರುಗಳನ್ನು ಮೇಯುವುದು. ಸೂಜಿಬಾಲದ ಬಾತು ತಲೆಯನ್ನು ನೀರಿನಲ್ಲಿ ಮುಳುಗಿಸಿ ಬಾಲವನ್ನು ಮೇಲೆತ್ತಿ ತಳದ ಕೆಸರನ್ನು ಕೆದಕುವುದು. ಸಲಿಕೆಯಂಥ ಅಗಲ ಕೊಕ್ಕಿನ ಬಾತು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುವುದು. ಕೊಕ್ಕರೆಯ ಆಹಾರ ಮೀನು. ಒಂದೊಂದು ಹಕ್ಕಿಯ ಊಟದ ಕ್ರಮ ಒಂದೊಂದು ಬಗೆ. ಆದುದರಿಂದ ಒಂದೊಂದು ವಿಷವು ಅವುಗಳನ್ನು ಮುಟ್ಟುವ ದಾರಿಯೂ ಬೇರೆ ಬೇರೆ. ಇದನ್ನು ವಿದ್ಯಾರ್ಥಿಗಳು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೀರಿನ ಉಸಿರು

ಮೊದಲನೆಯ ದಾರಿ ಆಮ್ಲಜನಕದ ಅಭಾವ. ಗಾಳಿಯಲ್ಲಿ ಆಮ್ಲಜನಕವು ಐದರಲ್ಲಿ ಒಂದು ಭಾಗದಷ್ಟಿದೆ. ನೀರಿನಲ್ಲಿಯಾದರೋ ಅದು ಅತ್ಯಲ್ಪ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಅನಿಲವು ಕಡಿಮೆಯಾಗುವುದು. ಈ ಅಲ್ಪ ಸಂಗ್ರಹದಿಂದಲೇ ಮೀನುಗಳು ಉಸಿರಾಡಬೇಕು.

ಸಕ್ಕರೆ, ಕಾಗದ, ಮದ್ಯಸಾರ, ಚರ್ಮ ಮೊದಲಾದವುಗಳ ಕಾರ್ಖಾನೆಗಳಿಂದ ಹೊರಬರುವ ನೀರಿನಲ್ಲಿ ಕೊಳೆಯುವ ಪದಾರ್ಥಗಳು ಬಹಳವಾಗಿರುತ್ತವೆ. ಇವು ಹೊಳೆಗೆ ಸೇರಿದೊಡನೆ ಬ್ಯಾಕ್ಟೀರಿಯಗಳು ಇವನ್ನು ತಿಂದು ಅತಿವೇಗದಿಂದ ಹೆಚ್ಚುವುವು. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುವುವು. ಹೀಗೆ ಬಳಕೆಯಾಗುವ ಆಮ್ಲಜನಕದ ಮೊತ್ತಕ್ಕೆ 'ಜೈವಿಕ ಆಮ್ಲಜನಕ ಬೇಡಿಕೆ' ಎಂದು ಹೆಸರು. ಒಳನಾಡಿನ ಹೊಳೆಗೆ ಬಿಡುವ ನೀರಿನಲ್ಲಿ ಈ ಬೇಡಿಕೆಯು ಲೀಟರಿಗೆ 30 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ಸಾಮಾನ್ಯ ನಿಯಮ. ಸಂಸ್ಕರಿಸದ ಮದ್ಯಸಾರದ ಕಾರ್ಖಾನೆಯ ಕೊಳೆನೀರಿನಲ್ಲಿ ಅದು 40,000 ಮಿಲಿಗ್ರಾಮಿನಷ್ಟಿರಬಹುದು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಒಂದು ಕಾರ್ಖಾನೆಯು ಸೆಕೆಂಡಿಗೆ ಅರ್ಧ ಘನಮೀಟರ್ ಕೊಳೆನೀರನ್ನು ಬಿಡುತ್ತಿದೆಯೆಂದೂ ಅದರ ಬೇಡಿಕೆ ಲೀಟರಿಗೆ 200 ಮಿಲಿಗ್ರಾಂ ಎಂದೂ ಊಹಿಸೋಣ. ಹೊಳೆಯ ಸ್ವಂತ ನೀರಿನ ಬೇಡಿಕೆ 2 ಮಿಲಿಗ್ರಾಂ ಇರಲಿ. ಮಳೆಗಾಲದಲ್ಲಿ ಹೊಳೆಯಲ್ಲಿ ಸೆಕೆಂಡಿಗೆ 99.5 ಘನಮೀಟರ್ ನೀರು ಹರಿಯುತ್ತಿದ್ದರೆ, ಎರಡೂ ಬೆರೆತ ಮೇಲೆ ಬೇಡಿಕೆಯು ಸುಮಾರು 3 ಮಿಲಿಗ್ರಾಂ ಆಗುವುದು. ಹೊಳೆ ಇದನ್ನು ತಾಳಬಲ್ಲದು. ಆದರೆ ಬೇಸಿಗೆಯ ಮೊದಲಲ್ಲಿ ಹೊಳೆಯ ಹರಿವು 4.5 ಘನಮೀಟರಿಗೆ ಇಳಿಯಿತೆನ್ನಿ. ಆಗ ಅದೇ ಕೊಳೆನೀರಿನಿಂದ ಬೇಡಿಕೆಯು ಸುಮಾರು 22 ಮಿಲಿಗ್ರಾಮಿಗೆ ಏರುವುದು. ನೀರಿನಲ್ಲಿರುವುದು ಏಳೆಂಟು ಮಿಲಿಗ್ರಾಂ ಆಮ್ಲಜನಕ; ಬೇಕಾಗಿರುವುದು ಇಪ್ಪತ್ತೆರಡು. ಗಾಳಿಯಿಂದ ಹೊಸ ಆಮ್ಲಜನಕವು ಬಂದು ಕರಗುವ ವೇಗಕ್ಕಿಂತ ವ್ಯಯದ ವೇಗ ಹೆಚ್ಚಾದಾಗ ಮೀನುಗಳು ಉಸಿರುಕಟ್ಟಿ ಸಾಯುವುವು. ಕಾರ್ಖಾನೆಯ ಅಭ್ಯಾಸ ಬದಲಾಗಲಿಲ್ಲ. ಬದಲಾದದ್ದು ಹೊಳೆಯ ಹರಿವು. ವಲಸೆಯ ಹಕ್ಕಿಗಳು ಇಲ್ಲಿರುವುದು ನವೆಂಬರಿನಿಂದ ಮಾರ್ಚಿಯವರೆಗೆ. ಹೊಳೆಯ ಹರಿವು ಇಳಿಯುತ್ತ ಹೋಗುವ ತಿಂಗಳುಗಳೂ ಅವೇ.

ತುಂಗಭದ್ರೆಯು ಇಂತಹ ಪಾಠವನ್ನು ಕಂಡಿದ್ದಾಳೆ. 1970ರ ದಶಕದಲ್ಲಿ ಹರಿಹರದ ಎದುರುದಂಡೆಯ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತುವನ್ನು ತಯಾರಿಸುವ ಉದ್ಯಮವು ಆರಂಭವಾಯಿತು. 1984ರಲ್ಲಿ ಅಲ್ಲಿಂದ ಕೆಳಗಣ ಹೊಳೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ದಂಡೆಯ ಹಳ್ಳಿಗಳ ಜನರೂ ಮೀನುಗಾರರೂ ಎಚ್ಚೆತ್ತು ದನಿಯೆತ್ತಿದರು. ನದಿಯ ಮಾಲಿನ್ಯವು ಕರ್ನಾಟಕದಲ್ಲಿ ಸಾರ್ವಜನಿಕ ಪ್ರಶ್ನೆಯಾದದ್ದು ಬಹುಮಟ್ಟಿಗೆ ಆ ಚಳವಳಿಯಿಂದ. ಮೀನು ಸತ್ತರೆ ಮೀನು ತಿನ್ನುವ ಹಕ್ಕಿಗೆ ಹಸಿವು. ಅಷ್ಟೇ ಅಲ್ಲದೆ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಳೆಯುವ ಹೆಣಗಳ ಮೇಲೆ ಬಾಟ್ಯುಲಿಸಂ ಎಂಬ ರೋಗವನ್ನು ತರುವ ಬ್ಯಾಕ್ಟೀರಿಯವು ಬೆಳೆಯಬಹುದು. ಅದರ ವಿಷವನ್ನು ಹೊತ್ತ ಹುಳುಗಳನ್ನು ತಿಂದ ಹಕ್ಕಿಯ ಕೊರಳೂ ರೆಕ್ಕೆಯೂ ಜೋಲುವುವು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತದ್ದು ಈ ರೋಗದಿಂದಲೇ.

ಚಿನ್ನದ ಗಣಿಯ ಕೊಳ

ಈಗ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಬರೋಣ. ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಆಳವಾದ ಗಣಿಗಳನ್ನು ತೋಡಿ ಚಿನ್ನ ತೆಗೆಯುತ್ತಿದ್ದ ಗುರುತುಗಳು ದೊರೆತಿವೆ. ಈಗಿನ ಕಂಪೆನಿಯು 1947ರಲ್ಲಿ ಸ್ಥಾಪಿತವಾಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ತರುವಾಯ ದೇಶದಲ್ಲಿ ಅದಿರಿನಿಂದ ಚಿನ್ನವನ್ನು ತೆಗೆಯುವ ಪ್ರಮುಖ ಗಣಿಯೆಂದರೆ ಹಟ್ಟಿಯೇ.

ಒಂದು ಟನ್ ಅದಿರಿನಲ್ಲಿರುವ ಚಿನ್ನ ಕೆಲವೇ ಗ್ರಾಂ. ಅದನ್ನು ಪಡೆಯಲು ಬಂಡೆಯನ್ನು ಹಿಟ್ಟಿನಂತೆ ಅರೆದು, ಸುಣ್ಣ ಬೆರೆಸಿ, ಸೋಡಿಯಂ ಸಯನೈಡಿನ ತೆಳು ದ್ರಾವಣದಲ್ಲಿ ಕಲಕುವರು. ಗಾಳಿಯ ಆಮ್ಲಜನಕದ ಸಹಾಯದಿಂದ ಚಿನ್ನವು ಸಯನೈಡಿನೊಡನೆ ಕೂಡಿ ಕರಗುವುದು. ಈ ವಿಧಾನಕ್ಕೆ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಹಕ್ಕುಪತ್ರ ದೊರೆಯಿತು. ಚಿನ್ನವನ್ನು ಬೇರ್ಪಡಿಸಿಕೊಂಡ ಮೇಲೆ ಉಳಿಯುವ ಅರೆದ ಬಂಡೆ, ಅಂದರೆ ಬಹುಮಟ್ಟಿಗೆ ಇಡೀ ಬಂಡೆಯೇ, ನೀರಿನೊಡನೆ ಹೊರಹೋಗಿ ವಿಶಾಲವಾದ ಕಟ್ಟೆಗಳಲ್ಲಿ ನಿಲ್ಲುವುದು. ಕೋಲಾರದ ಕಡೆ ಜನರು ಇಂಥ ರಾಶಿಯನ್ನು ಸಯನೈಡ್ ದಿಬ್ಬ ಎನ್ನುವರು.

ಆಕಾಶದಲ್ಲಿ ಹಾರುವ ಬಾತಿಗೆ ಈ ಕಟ್ಟೆಯು ಹೇಗೆ ಕಾಣುವುದು? ಬರಡು ಬಯಲಿನ ನಡುವೆ ಹೊಳೆಯುವ ನೀರು. ಅದು ಕೆರೆಯಂತೆಯೇ ಕಾಣುವುದು. ನೀರಿನ ಬಣ್ಣವನ್ನು ಕಂಡು ವಿಷವನ್ನು ಅರಿಯುವ ಶಕ್ತಿ ಹಕ್ಕಿಗಿಲ್ಲ. ಅಮೆರಿಕದ ಮೊಂಟಾನಾ ಸಂಸ್ಥಾನದ ಬ್ಯೂಟ್ ಎಂಬಲ್ಲಿ ತಾಮ್ರದ ಹಳೆಯ ಗಣಿಗುಂಡಿಯು ಆಮ್ಲೀಯ ನೀರಿನಿಂದ ತುಂಬಿದೆ. 1995ರ ನವೆಂಬರಿನಲ್ಲಿ ಅದರಲ್ಲಿಳಿದ ಹಿಮಹೆಬ್ಬಾತುಗಳಲ್ಲಿ 342 ಸತ್ತವು; 2016ರ ನವೆಂಬರಿನಲ್ಲಿ ಅಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು ಸತ್ತವು. ಆಸ್ಟ್ರೇಲಿಯದ ನಾರ್ತ್‌ಪಾರ್ಕ್ಸ್ ಗಣಿಯ ಸಯನೈಡ್ ಬೆರೆತ ಕಟ್ಟೆಯಲ್ಲಿ 1995ರಲ್ಲಿ ಸುಮಾರು 2,700 ಹಕ್ಕಿಗಳು ಸತ್ತವೆಂದು ಅಂದಾಜಾಯಿತು.

ಸಯನೈಡು ಕೊಲ್ಲುವ ರೀತಿಯು ವಿಚಾರಾರ್ಹವಾದುದು. ಪಟ್ಟೆತಲೆ ಹೆಬ್ಬಾತು ಮಂಗೋಲಿಯ, ಟಿಬೆಟ್ಟುಗಳಿಂದ ಹಿಮಾಲಯವನ್ನು ದಾಟಿ ಬರುವುದು. ಅದು 7,000 ಮೀಟರಿಗೂ ಮೇಲೆ ಹಾರಿದುದು ಉಪಕರಣಗಳಿಂದ ದಾಖಲಾಗಿದೆ. ಆ ಎತ್ತರದಲ್ಲಿ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ಅಣುವಿನ ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ, ಅದರ ಬಯಲುಸೀಮೆಯ ನೆಂಟರಲ್ಲಿರುವ ಪ್ರೋಲೀನಿಗೆ ಬದಲಾಗಿ ಅಲನೀನ್ ಇದೆ. ಇದೊಂದು ಬದಲಾವಣೆಯಿಂದಲೂ ಆ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹೆಚ್ಚು ಬಲವಾಗಿ ಹಿಡಿಯುವುದು. ತೆಳುಗಾಳಿಯಿಂದ ಉಸಿರನ್ನು ಗಳಿಸಿಕೊಳ್ಳುವ ಇಂಥ ಅದ್ಭುತವಾದ ಹಕ್ಕಿಯೂ ಸಯನೈಡಿನ ಮುಂದೆ ನಿಸ್ಸಹಾಯವೇ. ಏಕೆಂದರೆ ಸಯನೈಡು ತಡೆಯುವುದು ಆಮ್ಲಜನಕ ರಕ್ತಕ್ಕೆ ಬರುವುದನ್ನಲ್ಲ. ಅದು ಜೀವಕೋಶದೊಳಗೆ ಆಮ್ಲಜನಕವನ್ನು ಉಪಯೋಗಿಸುವ ಕಿಣ್ವದ ಕಬ್ಬಿಣಕ್ಕೆ ಅಂಟಿಕೊಂಡು ಕೆಲಸವನ್ನೇ ನಿಲ್ಲಿಸಿಬಿಡುವುದು. ರಕ್ತದ ತುಂಬ ಆಮ್ಲಜನಕವಿದ್ದರೂ ಕೋಶವು ಉಸಿರುಕಟ್ಟಿ ಸಾಯುವುದು.

ಇದಕ್ಕೆ ಪ್ರತೀಕಾರವಿಲ್ಲವೆಂದಲ್ಲ. ಹಕ್ಕಿಗಳು ಇಳಿಯಬಹುದಾದ ತೆರೆದ ಕಟ್ಟೆಯ ನೀರಿನಲ್ಲಿ, ದುರ್ಬಲ ಆಮ್ಲದಲ್ಲಿಯೂ ಬಿಡುಗಡೆಯಾಗುವಂಥ ಸಯನೈಡು ಲೀಟರಿಗೆ 50 ಮಿಲಿಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಸಯನೈಡ್ ನಿರ್ವಹಣಾ ಸಂಹಿತೆಯು ಹೇಳುವುದು. ಹಕ್ಕಿಯ ಜಠರದಲ್ಲಿ ಆಮ್ಲವಿರುವುದರಿಂದ ಈ ಬಗೆಯ ಸಯನೈಡಿಗೇ ಮಹತ್ವ. ಕಟ್ಟೆಗೆ ಬಿಡುವ ಮುನ್ನವೇ ಗಂಧಕದ ಡೈಆಕ್ಸೈಡ್ ಮತ್ತು ಗಾಳಿಯಿಂದಲೋ ಜಲಜನಕದ ಪೆರಾಕ್ಸೈಡಿನಿಂದಲೋ ಸಯನೈಡನ್ನು ಒಡೆಯಬಹುದು. ಬಳಸಿದ ನೀರನ್ನು ಗಿರಣಿಗೇ ಹಿಂತಿರುಗಿಸಬಹುದು. ಸಣ್ಣ ಕೊಳಗಳಿಗೆ ಬಲೆಯನ್ನು ಹೊದಿಸಬಹುದು. ಬಿಸಿಲು ಗಾಳಿಗಳೂ ದಿನಕಳೆದಂತೆ ಸಯನೈಡನ್ನು ನಾಶಮಾಡುವುವು. ಈ ವಿಷವು ಬೇಗ ಕೊಲ್ಲುವುದು, ಬೇಗ ಅಳಿಯುವುದು.

ಅಳಿಯದ ವಿಷ

ಚಿನ್ನದ ಅದಿರಿನೊಡನೆ ಬರುವ ಇನ್ನೊಂದು ವಸ್ತುವಿಗೆ ಈ ಗುಣವಿಲ್ಲ. ಈ ಸೀಮೆಯ ಶಿಲೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜವಿರುವುದು. ಕಬ್ಬಿಣ, ಆರ್ಸೆನಿಕ್, ಗಂಧಕಗಳ ಸಂಯುಕ್ತವದು. ಭೂಮಿಯ ಒಳಗೆ ಗಟ್ಟಿಬಂಡೆಯಾಗಿದ್ದಾಗ ಅದರಿಂದ ತೊಂದರೆಯಿಲ್ಲ. ಹಿಟ್ಟಾಗಿ ಹೊರಬಂದು ಗಾಳಿಗೂ ಮಳೆಗೂ ಒಡ್ಡಿಕೊಂಡಾಗ ಅದು ಉತ್ಕರ್ಷಿತವಾಗಿ ಆರ್ಸೆನಿಕ್ಕನ್ನು ನೀರಿಗೆ ಬಿಡುವುದು. ಆರ್ಸೆನಿಕ್ ಮೂಲಧಾತು. ಬಿಸಿಲಿಗೆ ಅದು ಒಡೆಯದು, ಬ್ಯಾಕ್ಟೀರಿಯಕ್ಕೆ ಕರಗದು. ಸ್ಥಳವನ್ನು ಬದಲಿಸುವುದೇ ಹೊರತು ಇಲ್ಲವಾಗದು.

ಇದು ಹಕ್ಕಿಯ ಪ್ರಶ್ನೆ ಮಾತ್ರವಲ್ಲವೆಂಬುದಕ್ಕೆ ನಿದರ್ಶನವು ಕೃಷ್ಣೆಯ ಆಚೆದಡದಲ್ಲಿಯೇ ಇದೆ. ಈಗಿನ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮಂಗಳೂರು ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಅದರ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿಯ ಆರ್ಸೆನಿಕ್ಕಿನಿಂದ ಜನರ ಚರ್ಮದಲ್ಲಿ ಗಂಟು ಕಲೆಗಳೆದ್ದದ್ದು ಬೆಳಕಿಗೆ ಬಂದಿತು. ಕಲ್ಕತ್ತೆಯ ಜಾದವ್‌ಪುರ ವಿಶ್ವವಿದ್ಯಾನಿಲಯದ ದೀಪಂಕರ ಚಕ್ರವರ್ತಿಯವರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಶಿಲೆಯ ಗುಣ ಒಂದೇ ಆದ ಮೇಲೆ ಎಚ್ಚರವೂ ಒಂದೇ ಆಗಿರಬೇಕು.

ಕೆಸರಿನಲ್ಲಿಳಿದ ಲೋಹವು ಹಕ್ಕಿಯನ್ನು ಹೇಗೆ ತಲುಪುವುದೆಂಬುದಕ್ಕೆ ಅಮೆರಿಕದ ಐಡಹೋ ಸಂಸ್ಥಾನದ ಕೋರ್ ಡಲೇನ್ ನದಿಯು ಪ್ರಸಿದ್ಧವಾದ ಉದಾಹರಣೆ. 1880ರ ದಶಕದಿಂದ ಅಲ್ಲಿ ಬೆಳ್ಳಿ, ಸೀಸಗಳ ಗಣಿಗಾರಿಕೆ ನಡೆಯಿತು. ಗಣಿಗಳ ಕಸವು ಹೊಳೆಯ ಮೂಲಕ ಕೆಳಗಣ ಜೌಗುಭೂಮಿಯನ್ನು ಸೇರಿ ಹೂಳಾಗಿ ನಿಂತಿತು. ವಸಂತದಲ್ಲಿ ಉತ್ತರಕ್ಕೆ ಮರಳುವ ಟಂಡ್ರಾ ಹಂಸಗಳು ಅಲ್ಲಿಳಿದು ಗೆಡ್ಡೆ ಬೇರುಗಳನ್ನು ಕೆದಕುವಾಗ ಅವುಗಳೊಡನೆ ಸೀಸ ಬೆರೆತ ಕೆಸರನ್ನೂ ನುಂಗುವುವು. ಸೀಸದಿಂದ ಅನ್ನನಾಳದ ಸ್ನಾಯುಗಳು ನಿಶ್ಚೇಷ್ಟವಾಗಿ, ಗಂಟಲಿನ ತುಂಬ ಆಹಾರವಿದ್ದರೂ ಹಕ್ಕಿಯು ಹಸಿವಿನಿಂದ ಬಡಕಲಾಗಿ ಸಾಯುವುದು. ನೂರು ವರ್ಷಗಳ ಹಿಂದೆ ಬಿಟ್ಟ ಕಸ ಇಂದಿನ ಹಕ್ಕಿಯನ್ನು ಕೊಲ್ಲುತ್ತಿದೆ. ನಮ್ಮಲ್ಲಿಗೆ ಬರುವ ಸೂಜಿಬಾಲದ ಬಾತೂ ಸಲಿಕೆಕೊಕ್ಕಿನ ಬಾತೂ ಕೆಸರನ್ನು ಮುಟ್ಟಿ ಬದುಕುವ ಹಕ್ಕಿಗಳೇ ಎಂಬುದನ್ನು ಇಲ್ಲಿ ನೆನೆಯಬೇಕು.

ಯೂರೋಪಿನ ಎರಡು ಅಪಘಾತಗಳನ್ನು ಹೋಲಿಸಿದರೆ ಎರಡು ವಿಷಗಳ ಅಂತರವು ಇನ್ನೂ ಸ್ಪಷ್ಟವಾಗುವುದು. 2000ದ ಜನವರಿ 30ರಂದು ರುಮೇನಿಯದ ಬಾಯಾ ಮಾರೆಯಲ್ಲಿ ಕಟ್ಟೆಯೊಡೆದು ಸುಮಾರು ಒಂದು ಲಕ್ಷ ಘನಮೀಟರ್ ಸಯನೈಡ್ ನೀರು ಹೊಳೆ ಸೇರಿ, ಹಂಗೆರಿಯ ಟಿಸಾ ನದಿಯಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತಿತು. ಆದರೆ ಸಯನೈಡಿನ ಅಲೆ ಕೆಲವು ವಾರಗಳಲ್ಲಿ ಹರಿದುಹೋಯಿತು. 1998ರ ಏಪ್ರಿಲ್ 25ರಂದು ಸ್ಪೆಯಿನಿನ ಆಸ್ನಲ್‌ಕೊಯ್ಯಾರ್ ಗಣಿಯ ಕಟ್ಟೆಯೊಡೆದಾಗ ಲೋಹಮಿಶ್ರಿತ ರಾಡಿಯು ಗ್ವಾದಿಯಮಾರ್ ನದಿಯಲ್ಲಿ ಹರಿದು, ಯೂರೋಪಿನ ವಲಸೆ ಹಕ್ಕಿಗಳ ಮಹಾಧಾಮವಾದ ಡೊನ್ಯಾನದ ಅಂಚಿಗೆ ಬಂದಿತು. ಅವಸರದಿಂದ ಮಣ್ಣಿನ ಒಡ್ಡುಗಳನ್ನು ಹಾಕಿ ರಾಷ್ಟ್ರೀಯ ಉದ್ಯಾನವನ್ನು ಉಳಿಸಿದರು. ರಾಡಿಯನ್ನು ಕೆರೆದು ತೆಗೆಯಬೇಕಾಯಿತು. ಹಕ್ಕಿಗಳ ದೇಹದಲ್ಲಿ ಲೋಹಗಳನ್ನು ವರ್ಷಗಟ್ಟಲೆ ಅಳೆಯಬೇಕಾಯಿತು. ಡೊನ್ಯಾನದ ಎಲ್ಲೆ ಭದ್ರವಾಗಿಯೇ ಇದ್ದಿತು. ಅಪಾಯವು ಹುಟ್ಟಿದ್ದು ಎಲ್ಲೆಯಿಂದ ಹಲವು ಕಿಲೋಮೀಟರ್ ಮೇಲೆ.

ಕೂಡಿಕೊಳ್ಳುವ ಮಾಲಿನ್ಯಗಳು, ಕೂಡಿಡುವ ದೇಹ

ಮಾಲಿನ್ಯಗಳು ಒಂದಕ್ಕೊಂದು ಸಹಾಯಕವಾಗುವುದೂ ಉಂಟು. ಗಾಳಿಯಾಡುವ ಕೆಸರಿನಲ್ಲಿ ಆರ್ಸೆನಿಕ್ಕು ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುವುದು. ಕೊಳೆಯುವ ಪದಾರ್ಥವು ಬಂದು ಆಮ್ಲಜನಕವನ್ನು ಮುಗಿಸಿದರೆ ಆ ತುಕ್ಕು ಕರಗಿ, ಹಿಡಿದಿಟ್ಟಿದ್ದ ಆರ್ಸೆನಿಕ್ಕನ್ನು ನೀರಿಗೆ ಬಿಟ್ಟುಕೊಡುವುದು. ಒಂದು ಊರಿನ ಚರಂಡಿಯು ಇನ್ನೊಂದು ಊರಿನ ಗಣಿಯ ವಿಷವನ್ನು ಎಬ್ಬಿಸಬಲ್ಲದು. ಹಾಗೆಯೇ ಚರಂಡಿ, ಗೊಬ್ಬರ, ಕಾರ್ಖಾನೆಗಳಿಂದ ಬರುವ ಸಾರಜನಕ ಮತ್ತು ರಂಜಕದ ಲವಣಗಳು ನೀರಿಗೆ ಅತಿಪೋಷಣೆಯನ್ನು ಕೊಟ್ಟು ಪಾಚಿಯನ್ನು ಬೆಳೆಸುವುವು. ಇತ್ತೀಚಿನ ಹಲವು ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರಾಗಿ ಕಾಣಿಸಿಕೊಂಡುದನ್ನು ದಂಡೆಯ ಜನರು ನೋಡಿದ್ದಾರೆ. ಪಾಚಿಯು ಹಗಲಲ್ಲಿ ಆಮ್ಲಜನಕವನ್ನು ಕೊಟ್ಟರೂ ರಾತ್ರಿ ಬಳಸುವುದು. ಆದುದರಿಂದ ಅಂಥ ನೀರಿನಲ್ಲಿ ಆಮ್ಲಜನಕವು ಅತ್ಯಂತ ಕಡಿಮೆಯಿರುವ ಹೊತ್ತು ಬೆಳಗಿನ ಜಾವ. ನಡುಹಗಲಿನಲ್ಲಿ ಮಾತ್ರ ನೀರನ್ನು ಪರೀಕ್ಷಿಸುವವನು ರೋಗವನ್ನು ಕಾಣಲಾರನು.

ಇನ್ನು ಹಕ್ಕಿಯ ದೇಹವೇ ಒಂದು ಉಗ್ರಾಣ. ಮೀನಿನ ಪ್ರತಿ ಗ್ರಾಮಿನಲ್ಲಿ ಒಂದು ಮೈಕ್ರೋಗ್ರಾಂ ವಿಷವಿದೆಯೆಂದೂ, ಹಕ್ಕಿಯೊಂದು ದಿನಕ್ಕೆ 300 ಗ್ರಾಂ ಮೀನನ್ನು ತಿನ್ನುವುದೆಂದೂ ಇಟ್ಟುಕೊಳ್ಳೋಣ. ಚಳಿಗಾಲದ ನೂರು ದಿನಗಳಲ್ಲಿ ಅದು ನುಂಗುವ ವಿಷವು 30 ಮಿಲಿಗ್ರಾಂ. ದೇಹವು ಹೊರಹಾಕುವುದರ ಹೊರತು ಮಿಕ್ಕಿದ್ದೆಲ್ಲವೂ ಒಳಗೆ ಉಳಿಯುವುದು. ಡಿ.ಡಿ.ಟಿ.ಯಂಥ ಕ್ಲೋರಿನ್‌ಯುಕ್ತ ವಿಷಗಳು ಕೊಬ್ಬಿನಲ್ಲಿ ಕರಗಿ ನಿಲ್ಲುವುವು. ವಲಸೆಯ ಹಕ್ಕಿಯು ಮರುಪಯಣಕ್ಕೆ ಮುನ್ನ ಮೈತುಂಬ ಕೊಬ್ಬನ್ನು ಶೇಖರಿಸಿಕೊಳ್ಳುವುದು. ದಾರಿಯಲ್ಲಿ ಅದನ್ನೇ ಉರಿಸಿ ಹಾರುವುದು. ಕೊಬ್ಬು ಕರಗಿದಾಗ ಅದರಲ್ಲಿದ್ದ ವಿಷವು ಒಮ್ಮೆಲೇ ರಕ್ತಕ್ಕೂ ಮಿದುಳಿಗೂ ಬರಬಹುದು. ಇಲ್ಲವೆ ಮೊಟ್ಟೆಯ ಚಿಪ್ಪು ತೆಳುವಾಗಿ, ಮರಿಯಾಗದೆ ಹೋಗಬಹುದು. 1967ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಬೇಟೆಹಕ್ಕಿಗಳ ಮೊಟ್ಟೆಗಳಲ್ಲಿ ಇಂಥ ತೆಳುಚಿಪ್ಪನ್ನು ತೋರಿಸಿದನು.

ಇದರ ಅರ್ಥವನ್ನು ಯೋಚಿಸಬೇಕು. ಇಲ್ಲಿಯ ಹೊಳೆಯಲ್ಲಿ ನುಂಗಿದ ವಿಷದ ಫಲ ಹಿಮಾಲಯದ ಮೇಲೆಯೋ ಟಿಬೆಟ್ಟಿನ ಗೂಡಿನಲ್ಲಿಯೋ ಕಾಣಿಸಿಕೊಳ್ಳಬಹುದು. ನಮ್ಮ ದಂಡೆಯ ಮೇಲೆ ಒಂದು ಹಕ್ಕಿಯೂ ಸತ್ತುಬಿದ್ದಿರಲಿಕ್ಕಿಲ್ಲ. ಮುಂದಿನ ವರ್ಷ ಬರುವ ಹಕ್ಕಿಗಳು ಸ್ವಲ್ಪ ಕಡಿಮೆಯಾಗಿರುವುವು, ಅಷ್ಟೇ. ಹೆಣ ಕಾಣದಿರುವುದು ನೀರು ನಿರ್ಮಲವೆಂಬುದಕ್ಕೆ ಸಾಕ್ಷಿಯಾಗಲಾರದು.

ಧಾಮದ ನಿಜವಾದ ಎಲ್ಲೆ

ಕಾಡಿನ ಧಾಮಕ್ಕೆ ಬೇಲಿಯನ್ನು ಹಾಕಬಹುದು. ಹೊಳೆಯ ಧಾಮಕ್ಕೆ ಬೇಲಿಯೆಂಬುದಿಲ್ಲ. ಮೀಸಲಿನ ಎಲ್ಲೆ ಮುದ್ಲಾಪುರದಲ್ಲಿ ಆರಂಭವಾದರೂ ಅದರ ನೀರು ಭದ್ರಾವತಿ, ಹರಿಹರ, ಕುಮಾರಪಟ್ಟಣ, ಕೊಪ್ಪಳ, ಹೊಸಪೇಟೆಗಳ ಕಡೆಯಿಂದ ಬರುವುದು. ಅಲ್ಲಿಂದ ಹೊರಟ ನೀರು ಸಿಂಧನೂರಿನ ದಂಡೆಗೂ, ಕಾಲುವೆಯ ಮೂಲಕ ನೆಲ್ಲಿನ ಗದ್ದೆಗೂ, ಊರಿನ ನಲ್ಲಿಗೂ ಬರುವುದು. ಧಾಮದ ನಿಜವಾದ ಎಲ್ಲೆಯೆಂದರೆ ಹೊಳೆಯ ಜಲಾನಯನ ಪ್ರದೇಶದ ಎಲ್ಲೆಯೇ. ಈ ಒಂದು ಮಾತನ್ನು ಒಪ್ಪಿದರೆ ಉಳಿದ ಕ್ರಮಗಳು ತಾವಾಗಿಯೇ ಹೊಳೆಯುವುವು.

ನೀರಿನ ಮಾಲಿನ್ಯವನ್ನು ತಡೆಯಲು 1974ರಲ್ಲಿ ಕೇಂದ್ರ ಕಾನೂನು ಬಂದಿತು; ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯೂ ಅದೇ ವರ್ಷ ಹುಟ್ಟಿತು. ಸಾಮಾನ್ಯ ನಿಯಮದಂತೆ ಹೊಳೆಗೆ ಬಿಡುವ ಉದ್ಯಮದ ನೀರಿನಲ್ಲಿ ಆರ್ಸೆನಿಕ್ಕು ಲೀಟರಿಗೆ 0.2 ಮಿಲಿಗ್ರಾಂವರೆಗೆ ಇರಬಹುದು. ಕುಡಿಯುವ ನೀರಿನ ಮಿತಿಯಾದರೋ 0.01 ಮಿಲಿಗ್ರಾಂ. ಇವೆರಡರ ಅಂತರ ಇಪ್ಪತ್ತು ಪಾಲು. ಹೊಳೆಯ ನೀರು ಬೆರೆತು ವಿಷ ತೆಳುವಾಗುವುದೆಂಬ ನಂಬಿಕೆಯ ಮೇಲೆ ಈ ಅಂತರವು ನಿಂತಿದೆ. ಹೊಳೆಯಲ್ಲಿ ನೀರೇ ಇಲ್ಲದ ತಿಂಗಳಲ್ಲಿ ಆ ನಂಬಿಕೆಗೆ ಆಧಾರವೇನು? ಆದುದರಿಂದ ಬಿಡುವ ನೀರಿನ ಮಿತಿಯನ್ನು ಹೊಳೆಯ ಹರಿವಿಗೆ ತಕ್ಕಂತೆ ಗೊತ್ತುಮಾಡುವುದು, ಬೇಸಿಗೆಯಲ್ಲಿಯೂ ಹೊಳೆಯಲ್ಲಿ ಸ್ವಲ್ಪ ಹರಿವನ್ನು ಉಳಿಸುವುದು, ನೀರಿನ ಜೊತೆಗೆ ಕೆಸರನ್ನೂ ಪರೀಕ್ಷಿಸುವುದು, ಗಣಿಯ ಕಟ್ಟೆಗಳನ್ನು ಗಣಿ ಮುಚ್ಚಿದ ಮೇಲೂ ಕಾಯುವುದು ಅವಶ್ಯ. ಹಟ್ಟಿಯ ಚಿನ್ನವೂ ಬೇಕು, ಕಾರ್ಖಾನೆಯ ದುಡಿಮೆಯೂ ಬೇಕು. ಆದರೆ ಅವುಗಳ ಲೆಕ್ಕಪತ್ರದಲ್ಲಿ ಕೊಳೆನೀರನ್ನು ಶುದ್ಧಿಮಾಡುವ ಖರ್ಚು ಸೇರದಿದ್ದರೆ, ಆ ಖರ್ಚನ್ನು ಕೆಳದಂಡೆಯವರು ತಮ್ಮ ಆರೋಗ್ಯದಿಂದ ತೆರುವರು.

ವಿದ್ಯಾರ್ಥಿಗಳು ಮಾಡಬಹುದಾದದ್ದೂ ಉಂಟು. ಏಷ್ಯದ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದ ನಡೆಯುತ್ತ ಬಂದಿದೆ. ನಿಮ್ಮೂರಿನ ಕೆರೆಯನ್ನೋ ಕಾಲುವೆಯನ್ನೋ ಆರಿಸಿಕೊಂಡು ಪ್ರತಿ ವರ್ಷ ಅದೇ ವಾರ, ಅದೇ ಹೊತ್ತಿನಲ್ಲಿ, ಅದೇ ಜಾಗದಿಂದ ಹಕ್ಕಿಗಳನ್ನೆಣಿಸಿ ಬರೆದಿಡಿ. ಸುಮಾರು 20 ಸೆಂಟಿಮೀಟರ್ ಅಗಲದ ಬಿಳಿಯ ತಗಡಿನ ಬಿಲ್ಲೆಗೆ ತೂಕ ಕಟ್ಟಿ, ಗಂಟು ಹಾಕಿದ ದಾರದಿಂದ ಕೆರೆಯೊಳಗೆ ಇಳಿಬಿಡಿ. ಬಿಲ್ಲೆಯು ಕಣ್ಮರೆಯಾಗುವ ಆಳವೇ ನೀರಿನ ತಿಳಿಯ ಅಳತೆ. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಕೂಡದು. ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸಬೇಕು. ಗಣಿಯ ಕಟ್ಟೆಯ ಹತ್ತಿರ ಹೋಗಲೇಕೂಡದು. ಹತ್ತು ವರ್ಷಗಳ ಇಂಥ ಒಂದು ನೋಟುಬುಕ್ಕು, ಹಕ್ಕಿ ಕಡಿಮೆಯಾದುದನ್ನು ಕೇವಲ ನೆನಪಿನಿಂದಲ್ಲದೆ ಅಂಕಿಯಿಂದ ಹೇಳಬಲ್ಲದು.

ಮಸ್ಕಿಯ ಬಂಡೆಯ ಬರಹವು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅಳಿಯದೆ ನಿಂತಿದೆ. ಹೊಳೆಯ ಕೆಸರೂ ತನ್ನೊಳಗೆ ಬಿದ್ದುದನ್ನು ಹಾಗೆಯೇ ಉಳಿಸಿಕೊಳ್ಳುವುದು. ಅದರಲ್ಲಿ ನಾವು ಏನನ್ನು ಬಿಟ್ಟುಹೋಗುವೆವೆಂಬುದು ನಮ್ಮ ಕೈಯಲ್ಲಿಯೇ ಇದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೇಲಿನ ಲೆಕ್ಕದಲ್ಲಿ ಕೊಳೆನೀರಿನ ಬೇಡಿಕೆಯನ್ನು 200ರಿಂದ 30 ಮಿಲಿಗ್ರಾಮಿಗೆ ಇಳಿಸಿದರೆ, ಹೊಳೆಯ ಹರಿವು 4.5 ಘನಮೀಟರ್ ಇರುವಾಗ ಬೆರೆತ ನೀರಿನ ಬೇಡಿಕೆ ಎಷ್ಟಾಗುವುದು?

2. ಹೆಬ್ಬಾತಿನ ಹಿಮೋಗ್ಲೋಬಿನ್ನಿನ ವಿಶೇಷ ಗುಣವು ಸಯನೈಡಿನಿಂದ ಅದನ್ನು ಏಕೆ ಕಾಪಾಡಲಾರದು?

3. ಸಯನೈಡಿಗೂ ಆರ್ಸೆನಿಕ್ಕಿಗೂ ಇರುವ ಮುಖ್ಯ ವ್ಯತ್ಯಾಸವೇನು? ಗಣಿಯನ್ನು ಮುಚ್ಚಿದ ಮೇಲೆ ಯಾವುದರ ಕಡೆ ಹೆಚ್ಚು ಕಾಲ ಗಮನವಿರಬೇಕು?

4. ನಿಮ್ಮೂರಿನ ನೀರು ಯಾವ ಊರುಗಳನ್ನು ಹಾದು ಬರುವುದು, ಯಾವ ಊರುಗಳಿಗೆ ಹೋಗುವುದು? ನಕ್ಷೆಯನ್ನು ಬರೆದು ತೋರಿಸಿ.